ಕೌದಿ ಹೊಲಿಯುವ ನಕ್ಷತ್ರ

ಹೋದ ಕಾರ್ತಿಕದ ಒಂದು ಬೆಳಿಗ್ಗೆ ನಾನು ಬೀಸುವ ಕಲ್ಲಿನ ಮುಂದೆ ಕುಳಿತು ಜೋಳ ಬೀಸುತ್ತಿದ್ದೆ. ಬೈಲಹೊಂಗಲಕ್ಕೆ ಹಿಟ್ಟಿನ ಗಿರಣಿ ಬಂದು ಬಹಳ ದಿನವಾಯಿತು. ನಮ್ಮ ಓಣಿಯ ಹೆಂಗಸರೆಲ್ಲ ಬುಟ್ಟಿ ಹೊತ್ತು ಅಲ್ಲಿಗೇ ಹೋಗುತ್ತಾರೆ. ನಾನು ಮಾತ್ರ ಸೋಮವಾರದ ಎಡೆಯ ರೊಟ್ಟಿಗೆ ಮನೆಯ ಕಲ್ಲಿನ ಹಿಟ್ಟೇ ಆಗಬೇಕು ಅನ್ನುವವಳು. ದೇವರು ಹಾಗೆ ಕೇಳಿದ್ದಾನೆಂದಲ್ಲ. ಗಿರಣಿಯ ಹಿಟ್ಟಿನಲ್ಲಿ ನನ್ನ ಜೋಳ ಎಷ್ಟು, ನನಗಿಂತ ಮೊದಲು ಬಂದವಳ ಮೆಣಸಿನಕಾಯಿ ಎಷ್ಟು ಎಂಬುದು ಗಿರಣಿಯವನಿಗೂ ತಿಳಿಯದು. ಅದನ್ನು ಶಿವನ ಮುಂದಿಟ್ಟು, ಅವನು ಕೆಮ್ಮಿದರೆ ಏನು ಮಾಡುವುದು?

ಎದುರಿಗೆ ಕುಳಿತು ಕಲ್ಲಿನ ಗೂಟಕ್ಕೆ ಕೈ ಹಚ್ಚಿದ್ದವಳು ನನ್ನ ನಾದಿನಿ ನೀಲವ್ವ. ಹಿಂದಿನ ದಿನವಷ್ಟೇ ಸವದತ್ತಿಯಿಂದ ಬಂದಿದ್ದಳು. ತವರಿಗೆ ಬಂದ ಮಗಳ ಕೈಯಲ್ಲಿ ಬೀಸಿಸಬಾರದು ಎನ್ನುತ್ತಾರೆ. ಆದರೆ ನೀಲವ್ವ ಈಗ ಮೊಮ್ಮಕ್ಕಳನ್ನು ಎತ್ತಿ ಆಡಿಸುವವಳು. ಮಾತಿಗೆ ಕುಳಿತರೆ ಅವಳ ಕೈಗೆ ಏನಾದರೂ ತಿರುಗಿಸಲು ಬೇಕು, ಇಲ್ಲದಿದ್ದರೆ ಮಾತೂ ತಿರುಗುವುದಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ಅವಳ ತಾಯಿ, ಅಂದರೆ ನನ್ನ ಅತ್ತೆ, ಬಿಸಿಲಿಗೆ ಕಾಲು ಚಾಚಿದ್ದರು. ಅತ್ತೆಯವರ ಎರಡೂ ಕಣ್ಣಿಗೆ ಈಗ ಪೊರೆ ಬಂದಿದೆ. ಬಿಸಿಲು ಬಂದದ್ದನ್ನೂ ಹೋದದ್ದನ್ನೂ ಕಾಲಿನಿಂದಲೇ ತಿಳಿಯುತ್ತಾರೆ. ಕಿವಿ ಮಾತ್ರ, ಶಿವನ ದಯೆ, ಹಾಲು ಉಕ್ಕುವ ಮೊದಲೇ ಕೇಳಿಸಿಕೊಳ್ಳುತ್ತದೆ.

“ವೈನಿ,” ಎಂದಳು ನೀಲವ್ವ, “ನನ್ನ ಮಗ ಮೊನ್ನೆ ಮಾಳಿಗಿ ಮ್ಯಾಲೆ ದುರ್ಬೀನು ಹಚ್ಚಿ ಕೃತ್ತಿಕಾ ತೋರಿಸಿದ. ಅವ್ವನ ಏಳನೇ ಚಿಕ್ಕಿ ಖರೇನ ಐತಂತ.”

ಅವಳ ಮಗ ಧಾರವಾಡದಲ್ಲಿ ಹುಡುಗರಿಗೆ ವಿಜ್ಞಾನ ಕಲಿಸುತ್ತಾನೆ. ಹಬ್ಬಕ್ಕೆ ಊರಿಗೆ ಬಂದಾಗ ತಾಯಿಗೂ ಪಾಠ ಮಾಡುತ್ತಾನೆ.

“ಬರೇ ಇರೋದಲ್ಲ. ಅದು ಒಮ್ಮೆ ಹೆಚ್ಚು ಬೆಳಗತದಂತ, ಒಮ್ಮೆ ಮಂದ ಆಗತದಂತ. ತನ್ನಿಂದ ತಾನ.”

ನನ್ನ ಕೈ ಗೂಟದ ಮೇಲೆ ನಿಂತಿತು. ಕಂಬದ ಬಳಿ ಅತ್ತೆಯವರ ತುಟಿಯ ಮೇಲಿನ ಶಿವನಾಮವೂ ನಿಂತಿತು. ನೀಲವ್ವನೊಬ್ಬಳಿಗೆ ಯಾಕೆಂದು ತಿಳಿಯಲಿಲ್ಲ. ನಿಮಗೂ ತಿಳಿಯಲಿಕ್ಕಿಲ್ಲ. ಹೇಳಬೇಕಾದರೆ ನಾನು ಸ್ವಲ್ಪ ಹಿಂದಕ್ಕೆ ಸುತ್ತಿ ಬರಬೇಕು. ಬೀಸುವವರ ಮಾತಿಗೆ ನೆಟ್ಟಗೆ ಹೋಗುವ ರೂಢಿಯಿಲ್ಲ.

ನಮ್ಮ ಅತ್ತೆ ಕಿತ್ತೂರಿನ ಮಗಳು. ಅವರ ತವರಿನ ಹೆಂಗಸರು ಕೌದಿ ಹೊಲಿಯುವುದರಲ್ಲಿ ಹೆಸರಾದವರು. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡು ಒಂದರ ಮೇಲೊಂದು ಹಾಸಿ, ಅಂಚಿನಿಂದ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವ ಹೊಲಿಗೆ ಅದು. ಕೊನೆಗೆ ಮೂಲೆಗಳಿಗೆ ತುಂಡು ಬಟ್ಟೆ ಹಚ್ಚಿ, ಒಂದು ಮೂಲೆಯೊಳಗೆ ರೊಟ್ಟಿಯ ಚೂರು ಇಟ್ಟು ಮುಚ್ಚುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇದ್ದರೆ ಅದು ಕೂಸನ್ನು ಬೆಚ್ಚಗಿಡುವುದು ಹೇಗೆ? ಹಸಿದವರಿಗೆ ಮೊದಲು ತಮ್ಮ ಚಿಂತೆ.

ಷಣ್ಮುಖಸ್ವಾಮಿಗೆ ಹಾಲೂಡಿಸಿದ ಕೃತ್ತಿಕೆಯರು ಆರು ಮಂದಿ ಎಂದು ಪುರಾಣ ಹೇಳುವವರೆಲ್ಲ ಹೇಳುತ್ತಾರೆ. ಕಿತ್ತೂರಿನ ಆ ಮನೆಯಲ್ಲಿ ಮಾತ್ರ ಏಳು. ಆರು ಮಂದಿ ಹಾಲು ಕೊಟ್ಟರು. ಏಳನೆಯವಳಿಗೆ ಹಾಲಿರಲಿಲ್ಲ. ಅವಳು ಹಿಂದೆ ಕುಳಿತು ಕೂಸಿಗೆ ಕೌದಿ ಹೊಲಿದಳು, ಈಗಲೂ ಹೊಲಿಯುತ್ತಿದ್ದಾಳೆ. ತಲೆ ಬಗ್ಗಿಸಿರುವುದರಿಂದ ಅವಳ ಮುಖ ಎಲ್ಲರಿಗೂ ಕಾಣುವುದಿಲ್ಲ. ಆದ್ದರಿಂದ ಅವರಲ್ಲಿ ಒಂದು ಪದ್ಧತಿ. ಕಾರ್ತಿಕದಲ್ಲಿ, ಚಂದ್ರನಿಲ್ಲದ ಒಂದು ಸಂಜೆ, ಗುಡಿಯ ದೀಪ ಹಚ್ಚಿ ಬಂದ ಮೇಲೆ ಕಟ್ಟೆಗೆ ಕುಳಿತು ಮೂಡಣಕ್ಕೆ ನೋಡಿ ಎಣಿಸಬೇಕು. ಏಳನೆಯವಳು ಯಾರಿಗೆ ಕಾಣುತ್ತಾಳೋ ಅವರು ಬರುವ ವರ್ಷ ಎಳೆಗೂಸಿನ ಕೌದಿಗೆ ಸೂಜಿ ಹಿಡಿಯಬಹುದು. ಕಾಣದವರು ದೊಡ್ಡವರ ಕೌದಿ ಹೊಲಿಯಲಿ, ಚೀಲ ಹೊಲಿಯಲಿ, ಕೂಸಿನದನ್ನು ಮುಟ್ಟಬಾರದು. ಅತ್ತೆಯವರ ತಾಯಿ ಒಂದು ಕಾರ್ತಿಕದಲ್ಲಿ ಆರೇ ಎಣಿಸಿ, ಮಾತಿಲ್ಲದೆ ಸೂಜಿಯ ಡಬ್ಬಿಯನ್ನು ಮಗಳ ಮಡಿಲಿಗೆ ಹಾಕಿದರಂತೆ. ಆ ಡಬ್ಬಿಯೂ ಎಣಿಸುವ ಪದ್ಧತಿಯೂ ಅತ್ತೆಯವರ ಜೊತೆ ನಮ್ಮ ಓಣಿಗೆ ಬಂದವು. ಓಣಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಅದರಲ್ಲಿ ಅತ್ತೆಯವರ ಕೌದಿ.

ಇನ್ನು ನನ್ನ ಕಣ್ಣಿನ ವಿಷಯ. ಕೃತ್ತಿಕೆಯರು ನನಗೆ ಆರೂ ಅಲ್ಲ, ಏಳೂ ಅಲ್ಲ. ಮದುವೆಯಾಗಿ ಬಂದ ಮೊದಲ ವರ್ಷ ಕಟ್ಟೆಯ ಮೇಲೆ ಅತ್ತೆ ಕೇಳಿದರು, “ಗಂಗವ್ವಾ, ಎಷ್ಟು ಕಾಣತಾವ?”

“ಯಾರೋ ಹಿಟ್ಟು ಚೆಲ್ಲಿದಂಗ ಕಾಣತದರಿ ಅತ್ತಿ,” ಎಂದೆ.

ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. “ತೊರಗಲ್ಲದಾಗ ಅಷ್ಟು ದೊಡ್ಡ ಕೋಟಿ ನೋಡಿ ನೋಡಿ ಸಣ್ಣದೇನೂ ಕಾಣದಂಗಾಗೇತಿ ಈ ಹುಡುಗಿಗೆ. ನಿನ್ನ ನೋಡಾಕ ಬಂದಾಗ ನಾ ಯಾಕ ಕೇಳಲಿಲ್ಲ?”

ಕೇಳದ್ದಕ್ಕೆ ಕಾರಣವಿತ್ತು. ನನ್ನನ್ನು ನೋಡಲು ಅವರು ನನ್ನ ತವರು ತೊರಗಲ್ಲಿಗೆ ಬಂದದ್ದು ಶ್ರಾವಣದಲ್ಲಿ. ಆಕಾಶದ ತುಂಬ ಮೋಡ. ಶಿವನು ಸುಮ್ಮನೆ ಮೋಡ ಮುಚ್ಚುವುದಿಲ್ಲ ಎಂದು ನಾನು ಅಂದಿನಿಂದ ನಂಬಿದ್ದೇನೆ.

ಪ್ಲೇಗಿಗೆ ಹೆದರಿ ಊರು ಬಿಟ್ಟು, ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದು, ಮತ್ತೆ ಊರು ಸೇರಿದ ವರ್ಷದ ಮಾತು, ಇನ್ನು ಹೇಳುವುದು. ನಮ್ಮ ಮನೆಯಲ್ಲಿ ಯಾರೂ ಕಡಿಮೆಯಾಗಿರಲಿಲ್ಲ. ಅದಕ್ಕಿಂತ ಹೆಚ್ಚಿನದನ್ನು ಆ ವರ್ಷ ಯಾರೂ ಬೇಡುತ್ತಿರಲಿಲ್ಲ. ನಾನು ಚೊಚ್ಚಲ ಬಸುರಿ. ಅತ್ತೆ ನನ್ನ ಕೂಸಿಗೆಂದು ತಮ್ಮ ಧಾರೆಯ ಸೀರೆಯನ್ನೇ ಹರಿದು ಕೌದಿ ಹಾಕಿದ್ದರು. ಅದು ಅರ್ಧಕ್ಕೆ ಬಂದಿತ್ತು. ಆ ವರ್ಷದ ಕಾರ್ತಿಕದಲ್ಲಿ ಸವದತ್ತಿಯಿಂದ ನೀಲವ್ವನನ್ನು ನೋಡಲು ಹುಡುಗನ ದೊಡ್ಡಮ್ಮ ಬಂದಳು.

ಒಳ್ಳೆಯ ಮನೆ, ಒಳ್ಳೆಯ ಹುಡುಗ. ದೊಡ್ಡಮ್ಮನೂ ಕೆಟ್ಟವಳಲ್ಲ, ಆದರೆ ಒಮ್ಮೆ ಸುಟ್ಟುಕೊಂಡವಳು. ಅವರ ಹಿರಿಯ ಸೊಸೆಗೆ ಇರುಳುಗಣ್ಣು ಇದ್ದದ್ದು ಮದುವೆಯಾದ ಮೇಲೆ ಗೊತ್ತಾಗಿತ್ತು. ಸಂಜೆಯಾದರೆ ಆ ಹುಡುಗಿ ಸಾರನ್ನು ತಾಟಿನ ಬದಲು ಮಾವನ ಮಡಿಲಿಗೆ ಬಡಿಸುತ್ತಿದ್ದಳಂತೆ. ಹಾಗಾಗಿ ದೊಡ್ಡಮ್ಮ ನೀಲವ್ವನ ಹಾಡು ಕೇಳಲಿಲ್ಲ, ರೊಟ್ಟಿ ನೋಡಲಿಲ್ಲ. ನಮ್ಮ ಓಣಿಯಲ್ಲಿ ಚಿಕ್ಕೆ ಎಣಿಸುವ ಪದ್ಧತಿ ಇದೆ ಎಂದು ಯಾರಿಂದಲೋ ತಿಳಿದು, ಸಂಜೆ ನಮ್ಮ ಜೊತೆಗೇ ಗುಡಿಯ ಕಟ್ಟೆಗೆ ಬಂದು ಕುಳಿತಳು. ಓಣಿಯ ಹೆಂಗಸರೂ ಇದ್ದರು.

“ನೋಡವಾ ನೀಲವ್ವಾ,” ಎಂದಳು, “ಅಲ್ಲಿ ಗುಂಪಾಗಿ ಕುಂತಾವಲ್ಲ, ಎಷ್ಟ ಅದಾವ ಎಣಿಸು.”

ನೀಲವ್ವನಿಗೆ ಅದೇ ಮೊದಲ ವರ್ಷ. ಮದುವೆಯ ವಯಸ್ಸಿಗೆ ಬಂದ ಮೇಲೆಯೇ ಹುಡುಗಿಯರು ಎಣಿಸಲು ಕೂರುವುದು ರೂಢಿ. ತಾಯಿ ಏಳು ಎನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಕೇಳಿದ್ದನ್ನು ಗಿಳಿಯಂತೆ ಹೇಳಿಬಿಡಬಹುದಿತ್ತು. ಆ ಹುಡುಗಿ ಬೆರಳು ಮಡಚುತ್ತ ಎಣಿಸಿ, “ಆರು,” ಎಂದಳು.

ದೊಡ್ಡಮ್ಮ ಅತ್ತೆಯವರ ಕಡೆ ತಿರುಗಿದಳು. “ಏಳು ಅದಾವಂತ ನೀವು ಹೇಳತೀರಂತಲ್ಲರಿ ಬೀಗತಿ. ಊರೆಲ್ಲಾ ಅದ ಮಾತು.”

ಅತ್ತೆ ತಲೆ ಎತ್ತಿದರು. ನಾನು ಪಕ್ಕದಲ್ಲಿಯೇ ಇದ್ದೆ. ಅವರು ನೋಡಿದರು, ಕಣ್ಣು ಒರೆಸಿಕೊಂಡರು, ಮತ್ತೆ ನೋಡಿದರು. ನನ್ನ ತೊಡೆಗೆ ತಾಗಿದ್ದ ಅವರ ಕೈ ತಣ್ಣಗಾದದ್ದು ಸೀರೆಯೊಳಗಿಂದಲೇ ನನಗೆ ತಿಳಿಯಿತು.

“ಆರ ಅದಾವರಿ,” ಎಂದರು.

“ಹಂಗಾರ ಇಷ್ಟು ವರ್ಷ?”

“ಇಷ್ಟು ವರ್ಷ ಸೊಕ್ಕಿಲೆ ಹೇಳಿದ್ನಿರಿ. ನನ್ನ ಕಣ್ಣಿಗೆ ಒಂದು ಎರಡಾಗಿ ಕಾಣತಾವ. ಹುಡುಗಿ ಕಣ್ಣು ಖರೆ.”

ಮೊದಲು ಯಾರು ನಕ್ಕರೋ ತಿಳಿಯದು. ಆಮೇಲೆ ಎಲ್ಲರೂ ನಕ್ಕರು. ಪಕ್ಕದ ಮನೆಯ ಮುದುಕಿಯೊಬ್ಬಳು, “ಅದಕ್ಕ ನನ್ನ ಮೊಮ್ಮಗನ ಕೌದಿ ಅಷ್ಟು ದಪ್ಪ ಆಗೇತಿ, ಒಂದು ಪದರಾ ಎರಡು ಕಂಡಿರಬೇಕು,” ಎಂದಳು. ಅತ್ತೆಯವರೂ ನಕ್ಕರು. ದೊಡ್ಡಮ್ಮ ಅಲ್ಲಿಯೇ ನೀಲವ್ವನ ಉಡಿ ತುಂಬಿ ಸಂಬಂಧ ಒಪ್ಪಿದಳು.

ಆ ಸಂಜೆ ಬಂದವರೆಲ್ಲ ಊಟ ಮಾಡಿ ಜಗುಲಿಗೆ ಹೋದ ಮೇಲೆ, ಒಲೆಯ ಮುಂದೆ ನಾವಿಬ್ಬರೇ ಇದ್ದಾಗ ನಾನು ಕೇಳಿದೆ, “ಅತ್ತಿ, ಏಳನೇದ್ದು ಎಂದೂ ಕಂಡಿರಲೇ ಇಲ್ಲೇನರಿ?”

ಅತ್ತೆ ಹಂಚು ಕೆಳಗಿಟ್ಟರು. “ಹೋದ ವರ್ಷನೂ ಕಂಡಿತ್ತ. ಈ ಸೂಜಿ ಕಂಡಂಗ ಕಂಡಿತ್ತ. ಇವತ್ತ ಇಲ್ಲ.”

“ಮತ್ತ ಹಂಗ್ಯಾಕ ಅಂದ್ರಿ?”

“ಏಳು ಅಂತಿದ್ನಿ ಅಂದ್ರ ನೀಲಾನ ಕಣ್ಣು ಮಂದ ಅಂತ ಆಗತಿತ್ತ. ಹೋದ ವರ್ಷ ಏಳಿದ್ದುವು, ಈ ವರ್ಷ ಆರಾದುವು ಅಂದ್ರ ಯಾರ ನಂಬತಾರ? ಆಕಾಶದಾಗಿನ ಚಿಕ್ಕಿ ಏನು ಅಂಗಳದಾಗಿನ ಕೋಳಿ ಏನು, ಒಂದು ಕಳದು ಹೋಗಾಕ?” ಒಲೆಯ ಕಟ್ಟಿಗೆಯನ್ನು ಒಳಕ್ಕೆ ತಳ್ಳಿದರು. “ನನ್ನ ಕಣ್ಣು ಹೋತು ಗಂಗವ್ವಾ. ನಮ್ಮವ್ವಂದು ಹೋದಂಗ. ನೀಲಾಂದೂ ನನ್ನಂಥಾ ಕಣ್ಣ ಇದ್ರ, ಅಕಿನ್ನ ಮಂದಿ ಮನಿಗೆ ದಾಟಿಸಿಬಿಟ್ನೇನೋ ಅಂತ ಜೀವ ಹೊಡಕೊಳ್ಳಾಕ ಹತ್ತೇತಿ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ.”

ನಾನು ಬಿಡಲಿಲ್ಲ. ನಮ್ಮ ಯಜಮಾನರಿಗೂ ಹೇಳಲಿಲ್ಲ. ಅವರಿಗೆ ಹತ್ತಿಯ ವಿಷಯ ಬಿಟ್ಟು ಬೇರೆ ಯಾವುದನ್ನು ಹೇಳಿದರೂ ಅದು ಪೇಟೆಯಲ್ಲಿ ಸಿಗುತ್ತಿತ್ತು.

ಮರುದಿನವೇ ಅತ್ತೆ ನನ್ನ ಕೂಸಿನ ಕೌದಿಯನ್ನು, ಸೂಜಿ ಚುಚ್ಚಿದ್ದು ಚುಚ್ಚಿದ ಹಾಗೇ, ಮಡಚಿ ಟ್ರಂಕಿನ ತಳಕ್ಕೆ ಹಾಕಿದರು. ಓಣಿಯವರು ಹೊಲಿಯಲು ಕೊಟ್ಟ ಬಟ್ಟೆಯನ್ನು ಒಬ್ಬೊಬ್ಬರಾಗಿ ಒಂದೊಂದು ನೆವ ಹೇಳಿ ಒಯ್ದರು. ಯಾರೂ ಕಟುವಾಗಿ ಆಡಲಿಲ್ಲ. ಆಡಿದ್ದರೆ ಉತ್ತರ ಕೊಡಬಹುದಿತ್ತು. ನನ್ನ ಮಗ ಅಪ್ಪನ ಹಳೆಯ ಧೋತರದಲ್ಲೇ ಬೆಳೆದ. ಶಿವನ ದಯೆ, ಆ ವರ್ಷ ಚಳಿ ಹೆಚ್ಚಿರಲಿಲ್ಲ.

ಅತ್ತೆ ಚೀಲ ಹೊಲಿದರು, ಎತ್ತಿನ ಬೆನ್ನಿಗೆ ಹೊದಿಸುವ ಜೂಲ ಹೊಲಿದರು, ದೊಡ್ಡವರ ಕೌದಿ ಹೊಲಿದರು. ಹೊಲಿಗೆ ಒಂದು ಕಡೆಯೂ ಸೊಟ್ಟಾದದ್ದನ್ನು ನಾನು ಕಾಣೆ. ಅಕ್ಕಿಯಲ್ಲಿ ಕಲ್ಲು ಉಳಿದದ್ದೂ ಇಲ್ಲ. “ಕಣ್ಣು ಚಲೋನ ಅದಾವಲ್ಲರಿ ಅತ್ತಿ,” ಎಂದರೆ, “ಹತ್ತಿರದ್ದು ಕಾಣತದವಾ, ದೂರದ್ದು ಹೋಗೇತಿ,” ಎನ್ನುವರು. ಕಾರ್ತಿಕದಲ್ಲಿ ಕಟ್ಟೆಗೆ ಹೋಗುವುದನ್ನು ಬಿಟ್ಟರು. ದೀಪ ಹಚ್ಚಿ, ತಲೆ ಬಗ್ಗಿಸಿ ಮನೆಗೆ ಬರುವರು. ಅವರನ್ನು ನೋಡಿದಾಗ ನನಗೆ ಮೇಲಿನ ಆ ಏಳನೆಯವಳೇ ನೆನಪಾಗುತ್ತಿದ್ದಳು.

ನೀಲವ್ವನೋ, ಸವದತ್ತಿಯಲ್ಲಿ ಚೆನ್ನಾಗಿ ಬಾಳಿದಳು. ತಾಯಿ ಬಡಾಯಿಗೆ ಏಳು ಎನ್ನುತ್ತಿದ್ದಳೆಂದು ಅವಳು ನಂಬಿದ್ದಳು. ತಾಯಿಯೇ ಹೇಳಿದ ಮೇಲೆ ನಂಬದೆ ಏನು ಮಾಡಿಯಾಳು? ತವರಿಗೆ ಬಂದಾಗಲೆಲ್ಲ ಊಟಕ್ಕೆ ಕುಳಿತು, “ಅವ್ವಾ, ನನ್ನ ತಾಟಿನ್ಯಾಗ ರೊಟ್ಟಿ ಎಷ್ಟು ಕಾಣತಾವ? ಎರಡು ಕಂಡ್ರ ಇನ್ನೊಂದು ಹಾಕು, ಇರೋದು ಒಂದ,” ಎಂದು ಕಾಡುವಳು. ಎಲ್ಲರೂ ನಗುವರು. ಅತ್ತೆ ನಗುತ್ತಲೇ ಇನ್ನೊಂದು ರೊಟ್ಟಿ ಹಾಕುವರು.

ಒಂದು ಅಭ್ಯಾಸ ಮಾತ್ರ ಅತ್ತೆಯವರಿಗೆ ಅಂಟಿಕೊಂಡಿತು. ನೀಲವ್ವನಿಗೆ ಹೆರಿಗೆಯಾಯಿತೆಂದು ಸವದತ್ತಿಯಿಂದ ಆಳು ಬಂದರೆ, ಗಂಡೋ ಹೆಣ್ಣೋ ಎಂದು ಕೇಳುವ ಮೊದಲು, “ಕೂಸಿನ ಕಣ್ಣು ಚಲೋ ಅದಾವಿಲ್ಲೋ?” ಎಂದು ಕೇಳುವರು. ಮೊಮ್ಮಕ್ಕಳು ಬಂದರೆ ಅಂಗಳದ ತುದಿಯ ಬೇವಿನ ಮರ ತೋರಿಸಿ, ಅದರ ಮೇಲೆ ಯಾವ ಹಕ್ಕಿ ಕುಳಿತಿದೆ ಹೇಳು ಎನ್ನುವರು. ಅಜ್ಜಿಯ ಹುಚ್ಚು ಎಂದು ಮಕ್ಕಳು ಇಲ್ಲದ ಹಕ್ಕಿಗಳನ್ನೂ ಹೇಳುತ್ತಿದ್ದವು.

ಈಗ ಕಲ್ಲಿನ ಹತ್ತಿರ ವಾಪಸು ಬರೋಣ.

“ನೀಲಾ,” ಎಂದರು ಅತ್ತೆ ಕಂಬದ ಬಳಿಯಿಂದ. “ಇನ್ನೊಮ್ಮೆ ಹೇಳು. ಚಿಕ್ಕಿ ತಾನ ಮಂದ ಆಗತದಂತ?”

“ಹೌದವ್ವಾ. ಅದು ಭಾಳ ಬಿಸಿ ಐತಂತ, ಸೂರ್ಯಾಗಿಂತ ಎಷ್ಟೋ ಪಾಲು. ಮತ್ತ ಗರಗರ ತಿರಗತದಂತ. ಎಷ್ಟು ಜೋರ ಅಂದ್ರ, ತನ್ನ ಮೈ ತಾನ ಹಿಡಕೊಳ್ಳಾಕ ಆಗಂಗಿಲ್ಲಂತ. ಸೊಂಟದಾಗಿಂದ ಸಿಡಿದು ಸುತ್ತಲೂ ಬೀಳತದಂತ.” ನೀಲವ್ವ ಕಲ್ಲಿನ ಸುತ್ತ ಬಿದ್ದ ಹಿಟ್ಟಿನ ಮೇಲೆ ಬೆರಳಾಡಿಸಿದಳು. “ಹಿಂಗ ನೋಡು, ಈ ಹಿಟ್ಟು ಬಿದ್ದಂಗ. ಆ ಹಿಟ್ಟು ಒಮ್ಮೆ ಹೆಚ್ಚಾಗತದಂತ, ಒಮ್ಮೆ ಚದರಿ ಹೋಗತದಂತ. ಅದಕ್ಕ ಬೆಳಕು ಹೆಚ್ಚು ಕಡಿಮಿ. ವರ್ಷಾನುಗಟ್ಟಲೆ ಹಂಗ ಇರತದಂತ.”

ನಾನು ಕಲ್ಲಿನ ಮೇಲೆ ಕೈಯಿಟ್ಟೆ. ಬಹಳ ಹೊತ್ತು ಬೀಸಿದ ಕಲ್ಲು, ಬೆಚ್ಚಗಿತ್ತು. ಹಿಟ್ಟೂ ಬೆಚ್ಚಗಿತ್ತು. ನನ್ನ ಮಂದ ಕಣ್ಣಿಗೆ ಹಿಟ್ಟು ಚೆಲ್ಲಿದಂತೆ ಕಂಡದ್ದು ಅಷ್ಟೇನೂ ತಪ್ಪಲ್ಲವಲ್ಲ ಎಂದು ಒಂದು ಗಳಿಗೆ ಜಂಬವೂ ಬಂತು. ಶಿವ ನನ್ನನ್ನು ಕ್ಷಮಿಸಲಿ.

“ಹಿಂದಕ್ಕೂ ಹಂಗ ಆಗಿತ್ತಂತೇನು? ನಿನ್ನ ಲಗ್ನದ ವರ್ಷ?” ಅತ್ತೆ ಕೇಳಿದರು.

“ಅದೇ ವರ್ಷ ಆಗಿತ್ತೋ ಏನೋ ಅವಗೇನ ಗೊತ್ತವ್ವಾ. ಆಗಿರಬಹುದು. ಅದರ ಗುಣಾನ ಅದು.”

ಬಿಸಿಲು ಅವರ ಕಾಲಿನಿಂದ ಮಡಿಲಿಗೆ ಏರಿತ್ತು.

“ಹಂಗಾರ ನನ್ನ ಕಣ್ಣು ಚಲೋ ಇದ್ದುವು,” ಎಂದರು. “ಇಕಿದೂ ಚಲೋ ಇದ್ದುವು.”

ನೀಲವ್ವ ನನ್ನ ಮುಖ ನೋಡಿದಳು. “ಏನಂತಾಳ ವೈನಿ ಅವ್ವ?”

ನಾನು ಅತ್ತೆಯವರ ಕಡೆ ನೋಡಿದೆ. ಕಣ್ಣು ಕಾಣದವರಿಗೂ ನೋಟ ತಾಗುತ್ತದೆ. “ಹೇಳು,” ಎಂದರು. ನಾನು ಹೇಳಿದೆ. ಕಟ್ಟೆ, ದೊಡ್ಡಮ್ಮ, ತಣ್ಣಗಾದ ಕೈ, ಒಲೆಯ ಮುಂದಿನ ಮಾತು, ಎಲ್ಲವನ್ನೂ. ನೀಲವ್ವ ಗೂಟ ಹಿಡಿದೇ ಕೇಳಿದಳು. ಕೇಳಿ ಮುಗಿಸಿ ಎದ್ದು ಹೋಗಿ ತಾಯಿಯ ಪಕ್ಕ ಕುಳಿತಳು. ಅವಳ ಕೈಯ ಹಿಟ್ಟು ಅತ್ತೆಯವರ ಸೀರೆಗೆಲ್ಲ ಹತ್ತಿತು.

“ನನಗ ಯಾಕ ಹೇಳಲಿಲ್ಲವ್ವಾ? ರೊಟ್ಟಿ ಎಷ್ಟು ಕಾಣತಾವ ಅಂತ ಮೂವತ್ತು ವರ್ಷ ಕಾಡಿದೆನಲ್ಲ.”

“ಹೇಳಿದ್ರ ಎರಡನೇ ರೊಟ್ಟಿ ಕೇಳಾಕ ನಿನಗ ಬ್ಯಾರೆ ನೆವ ಬೇಕಾಗತಿತ್ತ.”

“ಏಳು ಅಂದುಬಿಟ್ಟಿದ್ರ ಏನಾಗತಿತ್ತ? ನಾ ಇಲ್ಲೇ ಇರತಿದ್ನಿ.”

“ಇದ್ದಿದ್ರ ನನ್ನ ತಲೀ ತಿಂತಿದ್ದಿ,” ಎಂದರು ಅತ್ತೆ. ಆದರೆ ಕೈ ಅವಳ ಮುಖದ ಮೇಲೆ ಆಡುತ್ತಿತ್ತು, ಹೊಲಿಗೆಯ ಸಾಲು ಹುಡುಕುವವರ ಹಾಗೆ. ಬೆರಳು ಅವಳ ರೆಪ್ಪೆಯ ಹತ್ತಿರ ಬಂದು ನಿಂತಿತು. “ಗಂಗವ್ವಾ, ಆ ಕೌದಿ ತಗಿ.”

ಯಾವ ಕೌದಿ ಎಂದು ನಾನು ಕೇಳಲಿಲ್ಲ. ಟ್ರಂಕಿನ ತಳದಲ್ಲಿ, ಬೇವಿನ ಎಲೆಯ ಪುಡಿಯ ನಡುವೆ ಅದು ಇತ್ತು. ಸೂಜಿ ಅಲ್ಲಿಯೇ ತುಕ್ಕು ಹಿಡಿದು ಧಾರೆಯ ಸೀರೆಗೆ ಕಂದು ಕಲೆ ಬಿಟ್ಟಿತ್ತು. ಅದು ಯಾರಿಗೆಂದು ಹಾಕಿದ್ದೋ ಆ ನನ್ನ ಮಗನ ಹೆಂಡತಿ ಆಗ ಹೆರಿಗೆಗೆ ರಾಮದುರ್ಗದ ತವರಿಗೆ ಹೋಗಿದ್ದಳು. ತಂದೆಗೆ ಸಿಗದ ಕೌದಿ ಮಗುವಿಗಾದರೂ ಸಿಕ್ಕೀತು ಎಂದುಕೊಂಡು ಅತ್ತೆಯವರ ಮಡಿಲಲ್ಲಿ ಬಿಚ್ಚಿದೆ. ಅವರು ಅಂಚಿನಿಂದ ಬೆರಳು ಓಡಿಸುತ್ತ, ಸುತ್ತುತ್ತ ಸುತ್ತುತ್ತ ಬಂದು, ಹೊಲಿಗೆ ನಿಂತಲ್ಲಿ ತಾವೂ ನಿಂತರು.

“ಆದರ ಅತ್ತಿ,” ಎಂದೆ, “ಏಳನೇದ್ದು ಕಂಡವರಷ್ಟ ಹಿಡೀಬೇಕಲ್ಲರಿ ಸೂಜಿ?”

“ಕಂಡೇನಲ್ಲ. ಅದು ಮಂದ ಆದ್ರೂ ಹೊಲಿಯೋದು ಬಿಟ್ಟಿಲ್ಲಂತ. ನಾ ಯಾಕ ಬಿಡಲಿ?”

ಡಬ್ಬಿಯಿಂದ ಹೊಸ ಸೂಜಿ ತೆಗೆದು ನಾನು ದಾರ ಪೋಣಿಸಲು ಹೋದೆ. ದಾರದ ತುದಿಯನ್ನು ನೆಕ್ಕಿದೆ, ಹೊಸೆದೆ, ಬೆಳಕಿಗೆ ಹಿಡಿದೆ. ಎಂದಿನಂತೆ ನನ್ನ ಕಣ್ಣಿಗೆ ಸೂಜಿಯ ಕಣ್ಣು ಸಿಗಲಿಲ್ಲ.

“ತಾ ಇಲ್ಲಿ ವೈನಿ. ನಿನ್ನ ಭರೋಸಾದ ಮ್ಯಾಲೆ ಕುಂತ್ರ ಕೂಸಿಗೆ ಮೀಸಿ ಬರತಾವ.” ನೀಲವ್ವ ಕಸಿದುಕೊಂಡಳು.

“ಪೋಣಿಸಿದಿಯೇನು?” ಅತ್ತೆ ಕೇಳಿದರು.

“ಆತವ್ವಾ.”

“ಒಂದ ಸಲಕ್ಕ?”

“ಒಂದ ಸಲಕ್ಕ.”

ಅತ್ತೆ ಮುಂದೆ ಎಂದೂ ಯಾರ ಕಣ್ಣಿನ ವಿಷಯವನ್ನೂ ಕೇಳಲಿಲ್ಲ. ಎಡಗೈ ಬೆರಳಿನಿಂದ ಹಳೆಯ ಹೊಲಿಗೆಯನ್ನು ಮುಟ್ಟಿಕೊಳ್ಳುತ್ತ, ಬಲಗೈಯಿಂದ ಅದರ ಮುಂದಿನದನ್ನು ಹಾಕಿದರು. ನೀಲವ್ವ ಬಟ್ಟೆ ಎಳೆದು ಹಿಡಿದಳು.

ಬುಟ್ಟಿಯಲ್ಲಿ ಇನ್ನೂ ಜೋಳವಿತ್ತು. ಎದುರಿನ ಕೈ ಹೋದ ಮೇಲೆ ಕಲ್ಲು ಭಾರ. ಆದರೆ ಎಡೆಗೆ ರೊಟ್ಟಿ ಆಗಬೇಕು, ಈಗ ಕೌದಿಯ ಮೂಲೆಗೂ ಒಂದು ಚೂರು ಬೇಕು. ಕಲ್ಲಿನ ಬಾಯಿಗೆ ಒಂದು ಹಿಡಿ ಜೋಳ ಹಾಕಿ ನಾನು ಒಬ್ಬಳೇ ಗೂಟ ಹಿಡಿದೆ.